ಹಾರುವ, ಕುಣಿಯುವ, ಕೂರುವ ಉರಿ: ಮಳೆಗಾಲದಲ್ಲಿ ಕೆಟ್ಟ ಒಂದು ಗೋಬರ್ ಗ್ಯಾಸ್ ಒಲೆಯ ಪ್ರಕರಣ

ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಒಂದು ಅಡಿಕೆ ತೋಟದ ಮನೆ. ಕೊಟ್ಟಿಗೆಯ ಮಗ್ಗುಲಲ್ಲಿ ದಿನಕ್ಕೆ 2 ಘನ ಮೀಟರ್ ಗ್ಯಾಸಿನ ಲೆಕ್ಕಕ್ಕೆ ಕಟ್ಟಿದ, ಕದಲದ ಗುಮ್ಮಟವಿರುವ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ. ಅಲ್ಲಿಂದ ಅಂಗಳ ದಾಟಿ ಅಡುಗೆಮನೆಯವರೆಗೆ 32 ಮೀಟರ್ ಉದ್ದದ 20 ಮಿ.ಮೀ. ಪೈಪು, ಕಟ್ಟೆಯ ಮೇಲೆ ಎರಡು ಬರ್ನರಿನ ಒಲೆ. ಅನ್ನ, ಹಾಲು, ದನದ ಅಕ್ಕಚ್ಚು ಎಲ್ಲ ಇದರಲ್ಲೇ ಆಗುತ್ತಿತ್ತು. ಸಿಲಿಂಡರು ನೆಂಟರಿಷ್ಟರು ಬಂದಾಗ ಮಾತ್ರ. ಬೇಸಿಗೆ ಪೂರ್ತಿ ತಕರಾರಿರಲಿಲ್ಲ. ಪುನರ್ವಸು ಮಳೆ ಹಿಡಿದ ಮೇಲೆ ದೊಡ್ಡ ಬರ್ನರು ಕೈಕೊಟ್ಟಿತು.

ಮನೆಯ ಹಿರಿಯಮ್ಮ ತೊಂದರೆಯನ್ನು ಹೇಳಿದ್ದು ಹೀಗೆ: "ಬೆಳಿಗ್ಗೆ ಹಾರ್ತದೆ, ಹೊತ್ತೇರಿದ ಮೇಲೆ ಕುಣೀತದೆ, ಸಂಜೆಗೆ ಕೂತೇಬಿಡ್ತದೆ ಮಾರಾಯ್ರೆ." ಈ ಪ್ರಕರಣದಲ್ಲಿ ಇದಕ್ಕಿಂತ ಒಳ್ಳೆಯ ಮಾಹಿತಿ ಬೇರೆಲ್ಲೂ ಸಿಗಲಿಲ್ಲ. ಹಾರುವುದು, ಕುಣಿಯುವುದು, ಕೂರುವುದು ಮೂರೂ ಬೇರೆ ಬೇರೆ ರೋಗ, ಮೂರಕ್ಕೂ ಕಾರಣ ಬೇರೆ. ಮೂರನ್ನೂ ಒಂದೇ ರೋಗವೆಂದು ಎಣಿಸಿ ಬರ್ನರಿಗೆ ಕೈ ಹಾಕಿದ್ದರಿಂದಲೇ ಒಲೆ ಇನ್ನಷ್ಟು ಕೆಟ್ಟಿತ್ತು.

ಅಷ್ಟರೊಳಗೆ ಮೂರು ರಿಪೇರಿ ಆಗಿದ್ದವು. ಗ್ಯಾಸು ಸಾಲುತ್ತಿಲ್ಲವೆಂದು, ಬರ್ನರಿಗೆ ಗ್ಯಾಸು ಚಿಮ್ಮಿಸುವ ಜೆಟ್ಟಿನ ತೂತನ್ನು ಡ್ರಿಲ್ ಹಾಕಿ ದೊಡ್ಡದು ಮಾಡಿಸಿದ್ದರು. ತುಕ್ಕು ಹಿಡಿದ ಎರಕದ ಬರ್ನರ್ ಮುಚ್ಚಳವನ್ನು ತೆಗೆದಿಟ್ಟು, ಅದೇ ಅಳತೆಗೆ ಕೂರುವ ಸಿಲಿಂಡರ್ ಒಲೆಯ ಹಿತ್ತಾಳೆ ಮುಚ್ಚಳ ಹಾಕಿದ್ದರು. ಒಳಬರುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡಲು ಜೆಟ್ಟಿನ ಹಿಂದಿರುವ ಗಾಳಿ ಬಿಲ್ಲೆಯನ್ನು ಪೂರ್ತಿ ತೆರೆದು ಸ್ಕ್ರೂ ಬಿಗಿದಿದ್ದರು; ಅದು ಅಲ್ಲೇ ತುಕ್ಕು ಹಿಡಿದು ಕೂತಿತ್ತು. ಊರಲ್ಲಿ ಯಾರನ್ನು ಕೇಳಿದರೂ ಇವೇ ಮೂರು ಸಲಹೆ ಬರುತ್ತವೆ. ಆದರೆ ಉರಿಯ ದೋಷ ಬರ್ನರಿನಲ್ಲಿ ಕಾಣಿಸಿಕೊಂಡರೂ ಅದರ ಬೇರು ಬಹಳ ಸಲ ಕೊಟ್ಟಿಗೆಯಲ್ಲೋ ಪೈಪಿನಲ್ಲೋ ಇರುತ್ತದೆ. ಹಾಗಾಗಿ ತಪಾಸಣೆಯನ್ನು ಗುಂಡಿಯಿಂದ ಶುರುಮಾಡಿ ಒಲೆಯ ಕಡೆಗೆ ಬರಬೇಕು. ಬರ್ನರು ಮುಟ್ಟುವುದು ಕೊನೆಗೆ.

ಮೊದಲು ಒತ್ತಡ

ಅಳೆಯಲು ದುಬಾರಿ ಸಲಕರಣೆ ಬೇಕಿಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು 3 ಮೀಟರ್ ತಂದು, 120 ಸೆಂ.ಮೀ. ಉದ್ದದ ಹಲಗೆಗೆ ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ಕುಂಕುಮ ಕದಡಿದ ನೀರು ತುಂಬಿದರೆ ಆಯಿತು. ಒಂದು ತುದಿಯನ್ನು ಗ್ಯಾಸಿನ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ ತುಂಡು) ಹಾಕಿ ಸೇರಿಸಬೇಕು, ಇನ್ನೊಂದು ತುದಿ ಕಿಟಕಿಯಾಚೆ ಇರಬೇಕು. ಎರಡು ಕಡೆಯ ನೀರಿನ ಮಟ್ಟಗಳ ವ್ಯತ್ಯಾಸವೇ ಒತ್ತಡ. ಸಣ್ಣ ಹಲಗೆ ಸಾಲದು. ಕಬ್ಬಿಣದ ಡ್ರಮ್ಮು ತೇಲುವ ಹಳೆಯ ಮಾದರಿಯಲ್ಲಿ ಒತ್ತಡ ಯಾವಾಗಲೂ 8ರಿಂದ 10 ಸೆಂ.ಮೀ. ನೀರಿನಷ್ಟೇ ಇರುತ್ತದೆ, ಡ್ರಮ್ಮಿನ ಭಾರವೇ ಅದನ್ನು ನಿಗದಿಮಾಡುತ್ತದೆ. ದೀನಬಂಧುವಿನಲ್ಲಿ ಗುಮ್ಮಟ ಕದಲುವುದಿಲ್ಲ. ರಾತ್ರಿಯಿಡೀ ಗ್ಯಾಸು ಕೂಡಿದ ಹಾಗೆ ಸಗಣಿ ನೀರು ಕದಡಿದ ಬಗ್ಗಡ ಹೊರತೊಟ್ಟಿಗೆ ಏರಿ, ಒತ್ತಡ 100 ಸೆಂ.ಮೀ. ಹತ್ತಿರಕ್ಕೂ ಹೋಗಬಹುದು. ಉರಿಸುತ್ತ ಹೋದಂತೆ ಅದು ಇಳಿಯುತ್ತದೆ.

ಬೆಳಿಗ್ಗೆ 6ಕ್ಕೆ, ಒಲೆ ಹಚ್ಚುವ ಮೊದಲು, ಗುಂಡಿಯ ವಾಲ್ವಿನ ಹತ್ತಿರ 74 ಸೆಂ.ಮೀ., ಅಡುಗೆಮನೆಯಲ್ಲಿ 70. ದೊಡ್ಡ ಬರ್ನರು ಹಚ್ಚಿದ ಮೇಲೆ ಗುಂಡಿಯ ಬಳಿ ನೀರು 68ರಲ್ಲಿ ಅಲುಗದೆ ನಿಂತಿತು. ಅಡುಗೆಮನೆಯಲ್ಲಿ ಮಾತ್ರ 12ರಿಂದ 34ರವರೆಗೆ ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಓಡಾಡತೊಡಗಿತು, ಉರಿಯೂ ಅದೇ ತಾಳಕ್ಕೆ ಕುಣಿಯಿತು. 20 ಮಿ.ಮೀ. ಪೈಪು ಖಾಲಿಯಿದ್ದರೆ, ಒಂದು ದೊಡ್ಡ ಬರ್ನರು ಎಳೆಯುವಷ್ಟು ಗ್ಯಾಸಿಗೆ 32 ಮೀಟರಿನಲ್ಲಿ ನಷ್ಟವಾಗುವ ಒತ್ತಡ 1 ಸೆಂ.ಮೀ.ಗೂ ಕಡಿಮೆ. ಗುಂಡಿಯ ಬಳಿ ಸ್ಥಿರ, ಒಲೆಯ ಬಳಿ ಓಡಾಟ ಎಂದರೆ ನಡುವೆ ನೀರು ನಿಂತಿದೆ ಎಂದೇ ಅರ್ಥ. ಕುಣಿತದ ಕಾರಣ ಇಲ್ಲೇ ಖಚಿತವಾಯಿತು.

ಪೈಪಿನ ನೀರು

ಗುಂಡಿಯಿಂದ ಹೊರಡುವ ಗ್ಯಾಸಿನಲ್ಲಿ ತುಂಬಾ ತೇವಾಂಶ. 24 ಡಿಗ್ರಿಯಲ್ಲಿ ಒಂದು ಘನ ಮೀಟರಿನಲ್ಲಿ ಸುಮಾರು 22 ಗ್ರಾಂ ನೀರಾವಿ ಇದ್ದರೆ, 19 ಡಿಗ್ರಿಗೆ ತಣಿದಾಗ 16 ಗ್ರಾಂ ಮಾತ್ರ ನಿಲ್ಲುತ್ತದೆ. ಉಳಿದದ್ದು ಪೈಪಿನೊಳಗೇ ಹನಿಗಟ್ಟುತ್ತದೆ. ಮಳೆಯಲ್ಲಿ ನೆನೆಯುತ್ತಿರುವ ಪೈಪು ಈ ಕೆಲಸವನ್ನು ಹಗಲೂ ರಾತ್ರಿ ಮಾಡುತ್ತದೆ. ದಿನಕ್ಕೆ ಒಂದೂವರೆ ಘನ ಮೀಟರ್ ಗ್ಯಾಸು ಹರಿದರೂ ತಿಂಗಳಿಗೆ ಕಾಲು ಲೀಟರಿಗೆ ಮೇಲೆ ನೀರಾಯಿತು. 20 ಮಿ.ಮೀ. ಪೈಪಿನಲ್ಲಿ ಅಷ್ಟು ನೀರು ಮುಕ್ಕಾಲು ಮೀಟರಿಗಿಂತ ಹೆಚ್ಚು ಉದ್ದಕ್ಕೆ ಬಾಯಿ ಕಟ್ಟಿ ನಿಲ್ಲುತ್ತದೆ.

ಇಲ್ಲಿ ಪೈಪು ಅಡಿಕೆ ದಬ್ಬೆಯ ಮೇಲೆ ಹಾದುಹೋಗಿತ್ತು. ಎರಡು ದಬ್ಬೆ ಮಳೆಗೆ ಕುಂಬಾಗಿ ಮುರಿದು, ಪೈಪು ಅಂಗಳದ ನಡುವೆ ಒಂದು ಗೇಣಿನಷ್ಟು ಜೋತಿತ್ತು. ನೀರು ಬಿಡುವ ನಲ್ಲಿ ಇದ್ದದ್ದು ಅಡುಗೆಮನೆಯ ಗೋಡೆಯ ಪಕ್ಕ, ಜೋತ ಜಾಗಕ್ಕಿಂತ ಎತ್ತರದಲ್ಲಿ. ಅದನ್ನು ಎಷ್ಟು ತಿರುಗಿಸಿದರೂ ಹನಿ ನೀರು ಬರುವಂತಿರಲಿಲ್ಲ. ಮನೆಯವರು ಪ್ರತಿ ವಾರ ತಪ್ಪದೆ ಆ ನಲ್ಲಿ ತೆರೆದು ನೋಡುತ್ತಿದ್ದರು ಎಂಬುದನ್ನು ಗಮನಿಸಬೇಕು. ಶ್ರಮದಲ್ಲಿ ಕೊರತೆ ಇರಲಿಲ್ಲ, ನಲ್ಲಿ ಕೂರಿಸಿದ ಜಾಗ ತಪ್ಪಾಗಿತ್ತು.

ದಬ್ಬೆ ತೆಗೆದು, ಕೊಟ್ಟಿಗೆ ಕಂಬದಿಂದ ಅಡುಗೆಮನೆ ಗೋಡೆಗೆ ಜಿಐ ತಂತಿ ಎಳೆದು ಬಿಗಿದು, ಒಂದೂವರೆ ಮೀಟರಿಗೊಂದರಂತೆ ಪೈಪನ್ನು ಅದಕ್ಕೆ ಕಟ್ಟಲಾಯಿತು. ಪ್ರತಿ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರು, ಅದೂ ಒಂದೇ ದಿಕ್ಕಿಗೆ. ಇಳಿಜಾರು ಮುಗಿಯುವಲ್ಲಿ, ಎಲ್ಲಕ್ಕಿಂತ ತಗ್ಗಿನಲ್ಲಿ, ಟೀ ಹಾಕಿ ಕೆಳಮುಖವಾಗಿ ಅರ್ಧ ಅಡಿ ಪೈಪು, ಅದರ ತುದಿಗೆ ನಲ್ಲಿ. ತಾನೇ ನೀರು ಚೆಲ್ಲುವ ಬಾಗುಕೊಳವೆಯನ್ನು ಕೆಲವರು ಕೂರಿಸುತ್ತಾರೆ. ಡ್ರಮ್ಮಿನ ಗುಂಡಿಗೆ ಅದು ಸರಿ, ದೀನಬಂಧುವಿಗೆ ಬೇಡ. ಬೆಳಗಿನ ಒತ್ತಡವನ್ನು ತಡೆಯಲು ಆ ಕೊಳವೆಯ ತೋಳು ಒಂದು ಮೀಟರಿಗಿಂತ ಉದ್ದವಿರಬೇಕಾಗುತ್ತದೆ, ಗಿಡ್ಡವಿದ್ದರೆ ನೀರನ್ನು ತಳ್ಳಿಕೊಂಡು ಗ್ಯಾಸೇ ಹೊರಗೆ ಹೋಗುತ್ತದೆ.

ನೀರು ಬಿಡುವಾಗ ಒಲೆ ಪೂರ್ತಿ ಬಂದ್ ಇರಬೇಕು, ಗುಂಡಿಯ ವಾಲ್ವು ತೆರೆದಿರಬೇಕು. ನೀರು ನಿಂತು ಬರೀ ಗ್ಯಾಸಿನ ಸುಯ್ ಸದ್ದು ಬಂದ ಕೂಡಲೇ ನಲ್ಲಿ ಮುಚ್ಚಬೇಕು. ಹತ್ತಿರದಲ್ಲಿ ಬೀಡಿ, ದೀಪ ಯಾವುದೂ ಕೂಡದು. ಮೊದಲ ಸಲ ಸುಮಾರು ಮುಕ್ಕಾಲು ಲೀಟರ್ ನೀರು ಬಂತು. ಮಳೆಗಾಲದಲ್ಲಿ ವಾರಕ್ಕೆರಡು ಸಲ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬಿಟ್ಟರೆ ಸಾಕು. ಕುಣಿತ ಅಂದೇ ನಿಂತಿತು.

ಗುಂಡಿಯ ಕಡೆ

ಸಂಜೆ ಉರಿ ಕೂರುವುದಕ್ಕೆ ಬೇರೆ ಕಾರಣವಿತ್ತು. ಬುಟ್ಟಿಯಲ್ಲಿ ತೂಗಿದಾಗ ದಿನದ ಸಗಣಿ 42 ಕೆ.ಜಿ. ಈ ತೂಗುವ ಕೆಲಸವನ್ನು ಮಲೆನಾಡಿನಲ್ಲಿ ಬಿಡಲೇಬಾರದು. ದನಕ್ಕೆ 10 ಕೆ.ಜಿ. ಎಂಬ ಪುಸ್ತಕದ ಲೆಕ್ಕ ಮಲೆನಾಡು ಗಿಡ್ಡ ತಳಿಯ ದನದ ಸಣ್ಣ ಮೈಗೆ ಹೊಂದುವುದಿಲ್ಲ. ತಲೆ ಎಣಿಸಿ ಗುಂಡಿ ಕಟ್ಟಿಸಿದವರು ಗ್ಯಾಸು ಸಾಲದೆ ಒದ್ದಾಡುತ್ತಾರೆ. ಸಗಣಿ ಒಂದು ಕೆ.ಜಿ.ಗೆ 40 ಲೀಟರ್ ಗ್ಯಾಸಿನ ಲೆಕ್ಕದಲ್ಲಿ ಇಲ್ಲಿ 1.7 ಘನ ಮೀಟರ್ ಬರಬೇಕು. ಅದು ಬೇಸಿಗೆಯ ಮಾತು. ಬಗ್ಗಡ 35 ಡಿಗ್ರಿಯಲ್ಲಿ ಚೆನ್ನಾಗಿ ಕೊಳೆಯುತ್ತದೆ, 20ರ ಕೆಳಗೆ ಬಹಳ ಮಂದವಾಗುತ್ತದೆ. ಇಲ್ಲಿ ಜುಲೈಯಲ್ಲಿ ಇದ್ದದ್ದು 23. ಅಷ್ಟರ ಕೊರತೆಯನ್ನು ಒಪ್ಪಿಕೊಳ್ಳಲೇಬೇಕು.

ಒಪ್ಪಲಾಗದ್ದು ನೀರಿನ ಪ್ರಮಾಣ. ಸಗಣಿಗೆ ಸಮ ನೀರು ಎಂಬುದು ನಿಯಮ, ಅಂದರೆ ದಿನಕ್ಕೆ 84 ಲೀಟರ್ ಬಗ್ಗಡ. 4 ಘನ ಮೀಟರ್ ಹಿಡಿಯುವ ಗುಂಡಿಯಲ್ಲಿ ಅದು 47 ದಿನ ನಿಂತು ಕೊಳೆಯುತ್ತದೆ. ಆದರೆ ಮಳೆಗಾಲದಲ್ಲಿ ಕೊಟ್ಟಿಗೆ ತೊಳೆದ ನೀರೆಲ್ಲ ಒಳಬಾಯಿಗೇ ಹರಿಯುತ್ತಿತ್ತು, ಜೊತೆಗೆ ಸೂರಿನ ನೀರಿನ ಒಂದು ಎಳೆಯೂ ಅದೇ ತೊಟ್ಟಿಗೆ ಬೀಳುತ್ತಿತ್ತು. ಒಟ್ಟು ದಿನಕ್ಕೆ 155 ಲೀಟರ್ ದಾಟಿತ್ತು. ಆಗ ಬಗ್ಗಡ ಒಳಗೆ ನಿಲ್ಲುವುದು 26 ದಿನ ಮಾತ್ರ. ಅರೆಬರೆ ಕೊಳೆತದ್ದು ಹೊರತೊಟ್ಟಿಗೆ ಬರುತ್ತದೆ. ಅದರ ಮೇಲೆ ಇನ್ನೂ ಗುಳ್ಳೆ ಏಳುತ್ತಿರುವುದು, ಹಸಿ ಸಗಣಿಯ ವಾಸನೆ ಹೋಗದಿರುವುದು ಇದರ ಗುರುತು. ಗ್ಯಾಸು ಕಡಿಮೆಯಾಗುತ್ತದೆ, ಬರುವ ಗ್ಯಾಸಿನಲ್ಲಿ ಉರಿಯುವ ಭಾಗವಾದ ಮೀಥೇನಿನ ಪಾಲೂ ಇಳಿಯುತ್ತದೆ.

ಆ ಪಾಲನ್ನು ಸೂಜಿಯಿಲ್ಲದ 60 ಮಿ.ಲೀ. ಸಿರಿಂಜಿನಲ್ಲಿ ಅಂದಾಜು ಮಾಡಬಹುದು. 40 ಮಿ.ಲೀ. ಗ್ಯಾಸು ಎಳೆದುಕೊಂಡು, ಮೇಲೆ 10 ಮಿ.ಲೀ. ಕಾಸ್ಟಿಕ್ ಸೋಡಾ ದ್ರಾವಣ ಎಳೆದು, ಬಾಯಿ ಮುಚ್ಚಿ ಎರಡು ನಿಮಿಷ ಕುಲುಕಬೇಕು. ಇಂಗಾಲದ ಡೈಆಕ್ಸೈಡು ದ್ರಾವಣದಲ್ಲಿ ಹೀರಿಹೋಗುತ್ತದೆ, ಉಳಿಯುವುದು ಬಹುಪಾಲು ಮೀಥೇನು. ದ್ರಾವಣ ನೂರು ಮಿ.ಲೀ. ನೀರಿಗೆ 10 ಗ್ರಾಂ ಲೆಕ್ಕದ್ದು. ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಆದ್ದರಿಂದ ಕೈಗವಸು ಕನ್ನಡಕ ಇಲ್ಲದೆ ಮಾಡಬಾರದು, ಮಕ್ಕಳು ಹತ್ತಿರ ಇರಬಾರದು. ಇಲ್ಲಿ ಉಳಿದದ್ದು 22 ಮಿ.ಲೀ., ಅಂದರೆ ಮೀಥೇನು ಶೇ. 55. ಆರೋಗ್ಯವಾಗಿರುವ ಗುಂಡಿಯಲ್ಲಿ ಶೇ. 60ರ ಆಸುಪಾಸು ಇರಬೇಕು.

ಸೂರಿಗೆ ದೋಣಿ ಹಾಕಿ ಮಳೆನೀರನ್ನು ತೋಟದ ಕಪ್ಪಿಗೆ (ಬಸಿಗಾಲುವೆಗೆ) ತಿರುಗಿಸಲಾಯಿತು. ಕೊಟ್ಟಿಗೆಯ ತೊಳೆನೀರಿಗೆ ಬೇರೆ ಕಾಲುವೆ. ಒಳಬಾಯಿಗೂ ಹೊರತೊಟ್ಟಿಗೂ ತಗಡಿನ ಮುಚ್ಚಿಗೆ. ಮಳೆಗಾಲದ ಸಗಣಿ ತಾನೇ ತೆಳ್ಳಗಿರುವುದರಿಂದ ಸಮ ನೀರಿನ ಬದಲು ಮುಕ್ಕಾಲು ಪಾಲು. ಇನ್ನೊಂದು ಮಾತು: ಹಾಸಿದ ಸೊಪ್ಪು, ದರಗು ಸಗಣಿಯ ಜೊತೆ ಒಳಹೋದರೆ ತೇಲಿ ಕೆನೆಗಟ್ಟಿ ಗ್ಯಾಸನ್ನು ತಡೆಯುತ್ತದೆ. ಸೊಪ್ಪಿಗೆ ಬೆರೆಯುವ ಮೊದಲೇ ಸಗಣಿ ಬಾಚಿಕೊಳ್ಳಬೇಕು. ಒಳಬಾಯಿ ಕಟ್ಟಿಕೊಂಡರೆ ಬಿದಿರ ಗಳುವಿನಿಂದ ಹೊರಗೇ ನಿಂತು ತಿವಿಯಬೇಕು. ಗುಂಡಿಗೆ ಯಾವ ಕಾರಣಕ್ಕೂ ಇಳಿಯಕೂಡದು; ಒಳಗಿನ ಗಾಳಿಯಲ್ಲಿ ಆಮ್ಲಜನಕ ಇರುವುದಿಲ್ಲ.

ಗುಂಡಿಯ ರಿಪೇರಿಯ ಫಲ ಮರುದಿನ ಕಾಣುವುದಿಲ್ಲ. ಮೂರನೆಯ ವಾರದ ಹೊತ್ತಿಗೆ ಸಿರಿಂಜಿನಲ್ಲಿ 25 ಮಿ.ಲೀ. ಉಳಿಯತೊಡಗಿತು.

ಕಡೆಗೆ ಬರ್ನರು

ಜೆಟ್ಟಿಗೆ 3 ಮಿ.ಮೀ. ಡ್ರಿಲ್ಲಿನ ಕಡ್ಡಿ ಸಲೀಸಾಗಿ ಹೋಯಿತು. ಗಂಟೆಗೆ 0.45 ಘನ ಮೀಟರ್ ಉರಿಸುವ ಬರ್ನರಿಗೆ 8 ಸೆಂ.ಮೀ. ಒತ್ತಡದಲ್ಲಿ ಬೇಕಾದ ತೂತು ಸುಮಾರು 2.2 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಚಿಕ್ಕದು, ಆದರೆ ವಿಸ್ತೀರ್ಣ 1.86 ಪಟ್ಟು. ಅದೇ ಒತ್ತಡದಲ್ಲಿ ಗಂಟೆಗೆ 0.84 ಘನ ಮೀಟರ್ ಹೋಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ 1.4 ಘನ ಮೀಟರ್ ಹುಟ್ಟಿದರೆ ಮೂರು ಗಂಟೆ ಉರಿಯಬೇಕಾದದ್ದು ಒಂದು ಗಂಟೆ ನಲವತ್ತು ನಿಮಿಷಕ್ಕೆ ತೀರುತ್ತದೆ. ಸಂಜೆ ಉರಿ ಕೂರುವುದಕ್ಕೆ ಅರ್ಧ ಕಾರಣ ಈ ಡ್ರಿಲ್ಲು. ನಷ್ಟ ಅಲ್ಲಿಗೂ ಮುಗಿಯಲಿಲ್ಲ. ಜೆಟ್ಟಿನಿಂದ ಚಿಮ್ಮುವ ಗ್ಯಾಸು ತನ್ನ ವೇಗದಿಂದಲೇ ಗಾಳಿಯನ್ನು ಮಿಶ್ರಣದ ಕೊಳವೆಗೆ ಎಳೆದುಕೊಳ್ಳುತ್ತದೆ. ಕೊಳವೆಯ ಬಾಯಿ ಅಷ್ಟೇ ಇದ್ದು ಜೆಟ್ಟು ದೊಡ್ಡದಾದರೆ ಪ್ರತಿ ಲೀಟರ್ ಗ್ಯಾಸಿಗೆ ಸಿಗುವ ಗಾಳಿ ಕಡಿಮೆಯಾಗುತ್ತದೆ. 20 ಮಿ.ಮೀ. ಬಾಯಿಯ ಈ ಕೊಳವೆಯಲ್ಲಿ ಕೊರತೆ ಹತ್ತಿರ ಹತ್ತಿರ ಶೇ. 30. ಉರಿಯ ತುದಿ ಹಳದಿಯಾಗಿದ್ದು ಅದಕ್ಕೇ. ಹಿಗ್ಗಿದ ಜೆಟ್ಟಿಗೆ ಮದ್ದಿಲ್ಲ. ಹೊಸದನ್ನು ತಂದು, 2.2ರ ಕಡ್ಡಿ ಹೋಗುತ್ತದೆ, 2.3ರದ್ದು ಹೋಗುವುದಿಲ್ಲ ಎಂದು ನೋಡಿಕೊಂಡು ಹಾಕಬೇಕು.

ಹಿತ್ತಾಳೆ ಮುಚ್ಚಳದ ಕಥೆ ಬೇರೆ. ಹಳೆಯ ಎರಕದ ಮುಚ್ಚಳದಲ್ಲಿ 5 ಮಿ.ಮೀ.ನ 36 ತೂತು, ಒಟ್ಟು ಸುಮಾರು 700 ಚದರ ಮಿ.ಮೀ. ಹಿತ್ತಾಳೆಯದರಲ್ಲಿ 1.6 ಮಿ.ಮೀ.ನ 110 ತೂತು, ಒಟ್ಟು 220. ಅದೇ ಮಿಶ್ರಣ ಮೂರು ಪಟ್ಟು ವೇಗದಲ್ಲಿ ಹೊರಬರುತ್ತದೆ. ಸಿಲಿಂಡರ್ ಗ್ಯಾಸಿನ ಉರಿ ಅದನ್ನು ತಾಳಿಕೊಳ್ಳುತ್ತದೆ. ಗೋಬರ್ ಗ್ಯಾಸಿನ ಉರಿ ಮಂದಗತಿಯದು. ಬೆಂಕಿ ಮಿಶ್ರಣದಲ್ಲಿ ಹಿಂದಕ್ಕೆ ಹಬ್ಬುವ ವೇಗ ಸೆಕೆಂಡಿಗೆ ಸುಮಾರು 25 ಸೆಂ.ಮೀ., ಸಿಲಿಂಡರಿನದು 40ರ ಹತ್ತಿರ. ಹಿಡಿದು ನಿಲ್ಲಲಾಗದೆ ಉರಿ ತೂತಿನಿಂದ ಮೇಲೆದ್ದು ಹಾರುತ್ತದೆ, ಪಾತ್ರೆ ಎತ್ತಿದೊಡನೆ ಆರುತ್ತದೆ. ಆರಿದ ಮೇಲೂ ಗ್ಯಾಸು ಬರುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಅದರ ತೂಕ ಗಾಳಿಯಷ್ಟೇ ಇರುವುದರಿಂದ ಅದು ಸೂರಿಗೂ ಏರುವುದಿಲ್ಲ, ನೆಲಕ್ಕೂ ಇಳಿಯುವುದಿಲ್ಲ, ಒಲೆಯ ಸುತ್ತಲೇ ಸುಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಿಟಕಿ ತೆರೆದ ಮೇಲೆಯೇ ಕಡ್ಡಿ ಗೀರಬೇಕು, ಎಷ್ಟೇ ಇರಿಚಲು ಹೊಡೆಯುತ್ತಿರಲಿ.

ಎರಕದ ಮುಚ್ಚಳವನ್ನು ಅಟ್ಟದಿಂದ ಇಳಿಸಿ, ತಂತಿ ಬ್ರಷ್ಷಿನಿಂದ ತಿಕ್ಕಿ, ತೂತುಗಳನ್ನು ಬಿದಿರ ಕಡ್ಡಿಯಿಂದ ಬಿಡಿಸಲಾಯಿತು. ಮಿಶ್ರಣದ ಕೊಳವೆಯೊಳಗೆ ಕಣಜದ ಮಣ್ಣುಗೂಡೊಂದು ಸಿಕ್ಕಿತು. ಬಳಸದೆ ಬಿಟ್ಟ ಬರ್ನರಿನಲ್ಲಿ ಇದು ಸಾಮಾನ್ಯ, ಚಿಕ್ಕ ಬರ್ನರನ್ನೂ ನೋಡುವುದು ಒಳ್ಳೆಯದು. ಜೆಟ್ಟು ಕೊಳವೆಯ ನಟ್ಟನಡುವಿಗೆ ನೇರ ಇರಬೇಕು. ವಾರೆಯಾದರೆ ಗಾಳಿ ಎಳೆಯುವುದಿಲ್ಲ.

ಉರಿ ಹೊಂದಿಸುವ ಮೊದಲು ಒಲೆಯ ಹಿಂದಿನ ಗೋಡೆಗೆ ಒಂದು ಗೇಟ್ ವಾಲ್ವು, ಅದರ ನಂತರ ಅಳೆಯುವ ಟೀ ಹಾಕಲಾಯಿತು. ದೀನಬಂಧುವಿಗೆ ಈ ಎರಡನೆಯ ವಾಲ್ವು ಬೇಕೇಬೇಕು. ಗ್ಯಾಸಿನ ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ: 8ರ ಬದಲು 70 ಸೆಂ.ಮೀ. ಬಂದರೆ ಬರ್ನರಿಗೆ ಮೂರು ಪಟ್ಟು ಗ್ಯಾಸು. ಸರಿಯಾದ ಮುಚ್ಚಳ ಹಾಕಿದರೂ ಅಷ್ಟಕ್ಕೆ ಉರಿ ಹಾರುತ್ತದೆ. ಹಾರಿದಾಗ ಜನ ಗಾಳಿ ಬಿಲ್ಲೆಗೆ ಕೈ ಹಾಕುತ್ತಾರೆ. ಅದು ಬೇಡ. ಒತ್ತಡ ಏರಿದರೆ ಗ್ಯಾಸಿನ ಜೊತೆ ಎಳೆದುಕೊಳ್ಳುವ ಗಾಳಿಯೂ ಏರುತ್ತದೆ, ಎರಡರ ಅನುಪಾತ ಹೆಚ್ಚು ಬದಲಾಗುವುದಿಲ್ಲ. ದಿನದ ಏರಿಳಿತಕ್ಕೆ ವಾಲ್ವು, ಗ್ಯಾಸಿನ ಗುಣ ಬದಲಾದಾಗ ಮಾತ್ರ ಬಿಲ್ಲೆ.

ಒಲೆಯ ತಿರುಗಣೆ ಪೂರ್ತಿ ತೆರೆದು, ಗೋಡೆಯ ವಾಲ್ವಿನಿಂದ ಒತ್ತಡವನ್ನು 8 ಸೆಂ.ಮೀ.ಗೆ ತರಬೇಕು. ನೀರು ತುಂಬಿದ ಪಾತ್ರೆ ಇಟ್ಟು ಐದು ನಿಮಿಷ ಉರಿಸಬೇಕು, ತಣ್ಣಗಿನ ಬರ್ನರಿನಲ್ಲಿ ಉರಿ ಬೇಗ ಹಾರುವುದರಿಂದ ಮೊದಲ ನಿಮಿಷದ ನೋಟ ನಂಬಲಾಗದು. ಆಮೇಲೆ ಬಿಲ್ಲೆ ಮುಚ್ಚಿದಾಗ ಉರಿ ಉದ್ದವಾಗಿ, ಸೋಮಾರಿಯಾಗಿ, ಹಳದಿ ತುದಿಯಿಂದ ಆಡುತ್ತದೆ. ಬಿಲ್ಲೆಯನ್ನು ಸ್ವಲ್ಪ ಸ್ವಲ್ಪವೇ ತೆರೆದಂತೆ ಹಳದಿ ಅಳಿದು, ಒಳಗೆ ಚೂಪಾದ ತಿಳಿನೀಲಿ ಶಂಕು ಮೂಡುತ್ತದೆ. ಇನ್ನೂ ತೆರೆಯುತ್ತ ಹೋದರೆ ಒಂದು ಹಂತದಲ್ಲಿ ಉರಿಯ ಬುಡ ತೂತು ಬಿಟ್ಟು ಏಳುತ್ತದೆ. ಹಳದಿ ಅಳಿದ ಜಾಗಕ್ಕೂ ಬುಡ ಎದ್ದ ಜಾಗಕ್ಕೂ ನಡುವೆ, ಹಳದಿ ಅಳಿದ ಕಡೆಗೆ ತುಸು ಹತ್ತಿರ ನಿಲ್ಲಿಸಿ ಸ್ಕ್ರೂ ಬಿಗಿಯಬೇಕು. ನೀಲಿ ಶಂಕು ಪಾತ್ರೆಯ ತಳ ಮುಟ್ಟಬಾರದು. ಮುಟ್ಟಿದರೆ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡು ಹುಟ್ಟುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಇಲ್ಲಿ ಮುಚ್ಚಳಕ್ಕೂ ಪಾತ್ರೆಗೂ 2.5 ಸೆಂ.ಮೀ. ಅಂತರ ಸಾಕಾಯಿತು.

ಗೋಡೆಯ ವಾಲ್ವಿನ ಚಕ್ರದ ಮೇಲೆ ಬಣ್ಣದಲ್ಲಿ ಮೂರು ಗುರುತು: ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಹಚ್ಚುವಾಗ ಮಾತ್ರ ಒಂದು ಎಚ್ಚರ. ಒಲೆ ಬಂದ್ ಇರುವಾಗ ವಾಲ್ವು ಕಿರಿದಾಗಿದ್ದರೂ ರಬ್ಬರ್ ಪೈಪಿನೊಳಗೆ ಪೂರ್ತಿ 70 ಸೆಂ.ಮೀ. ಒತ್ತಡ ಕೂಡಿರುತ್ತದೆ. ಕಡ್ಡಿ ಗೀರಿ ಹಿಡಿದು ತಿರುಗಣೆಯನ್ನು ಮೆಲ್ಲಗೆ ತೆರೆಯದಿದ್ದರೆ ಮೊದಲ ಕ್ಷಣ ಉರಿ ಭಗ್ಗನೆ ಎದ್ದು ಆರುತ್ತದೆ.

3 ಲೀಟರ್ ನೀರು ಕುದಿಯಲು ಮೊದಲು 21 ನಿಮಿಷ ಬೇಕಾಗುತ್ತಿತ್ತು, ಈಗ 12. ಗೋಬರ್ ಗ್ಯಾಸ್ ಒಲೆಗೆ ಭಾರತೀಯ ಮಾನಕ ಐಎಸ್ 8749 ಕೇಳುವ ಶೇ. 55 ದಕ್ಷತೆಯ ಲೆಕ್ಕಕ್ಕೆ 11 ನಿಮಿಷ ಬರುತ್ತದೆ, ಹಾಗಾಗಿ 12ಕ್ಕೆ ತೃಪ್ತಿಪಡಬಹುದು. ದೊಡ್ಡ ಬರ್ನರು ದಿನಕ್ಕೆ ಮೂರು ಗಂಟೆ ಹತ್ತು ನಿಮಿಷ ಉರಿಯುತ್ತಿದೆ. ಆಶ್ಲೇಷಾ ಮಳೆಯ ಜೋರಿನಲ್ಲಿ ಎರಡು ಸಂಜೆ ಒತ್ತಡ 4 ಸೆಂ.ಮೀ.ಗಿಂತ ಕೆಳಗಿಳಿದು ಉರಿ ಚಿಕ್ಕದಾಯಿತು. ಗ್ಯಾಸು ತೀರಿದ್ದಕ್ಕೆ ಬರ್ನರಿನಲ್ಲಿ ಪರಿಹಾರವಿಲ್ಲ, ಆ ಹೊತ್ತಿಗೆ ಸಿಲಿಂಡರು ಹಚ್ಚುವುದೇ ಸರಿ. ಜೆಟ್ಟು ಹಿಗ್ಗಿಸುವ ಯೋಚನೆ ಬರುವುದು ಇಂಥ ಸಂಜೆಗಳಲ್ಲೇ.

ಬಿಲ್ಲೆಯನ್ನು ಮತ್ತೆ ಮುಟ್ಟಬೇಕಾದದ್ದು ಎರಡು ಸಲ. ಧನುರ್ಮಾಸದ ಚಳಿಯಲ್ಲಿ ಗ್ಯಾಸಿನ ಗುಣ ಇಳಿದು ಉರಿಯ ಬುಡ ಏಳತೊಡಗಿದರೆ ಒಂದು ಕೂದಲೆಳೆಯಷ್ಟು ಮುಚ್ಚಬೇಕು. ಯುಗಾದಿಯ ಹೊತ್ತಿಗೆ ಗುಂಡಿ ಬೆಚ್ಚಗಾಗಿ ಹಳದಿ ಕಾಣಿಸಿದರೆ ಅಷ್ಟೇ ತೆರೆಯಬೇಕು.